ಕೇಳುವುದು ಕಿವಿಯೋ, ಕಣ್ಣೋ?

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ತನ್ನ ಊರಿನ ದೇವರಕಾರ್ಯಕ್ಕೆ ಹೊರಟವನು, ದಾರಿಯಲ್ಲಿ ತೀರ್ಥಹಳ್ಳಿಯಲ್ಲಿ ಇಳಿದು ನಮ್ಮ ಮನೆಗೆ ಬಂದಿದ್ದ. ಹತ್ತನೆಯ ತರಗತಿಯಲ್ಲಿ ಮೊದಲ ಬೆಂಚಿನಲ್ಲಿ ಕುಳಿತು ನನ್ನ ಭೌತವಿಜ್ಞಾನದ ಪಾಠಗಳನ್ನು ಕೇಳಿದವನು. ಈಗ ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರ್. ಹೆಸರು ಹೇಳುವುದಿಲ್ಲ. ಇದನ್ನು ಓದಿದಾಗ ಇದು ತಾನೇ ಎಂದು ಅವನಿಗೆ ತಿಳಿಯುತ್ತದೆ. ಉಳಿದವರಿಗೆ ತಿಳಿಯಬೇಕಾದ ಅಗತ್ಯವಿಲ್ಲ.

ಊಟವಾದ ಮೇಲೆ ನಮ್ಮ ಹಜಾರದಲ್ಲಿರುವ ಸಿ.ಡಿ. ಪ್ಲೇಯರನ್ನು ಕಂಡು ಅವನ ಮುಖ ಅರಳಿತು. ತನ್ನ ಬಳಿಯೂ ಅಂಥದೇ ಒಂದು ಬೆಲೆಬಾಳುವ ಪ್ಲೇಯರ್ ಇದೆಯೆಂದೂ, ಅದರ ಕೇಬಲ್ಲುಗಳನ್ನೂ ಒಳಗಿನ ಕೆಪಾಸಿಟರುಗಳನ್ನೂ ಈಗಾಗಲೇ ಬದಲಾಯಿಸಿರುವುದಾಗಿಯೂ, ಬರುವ ತಿಂಗಳು ಎಂಬತ್ತೈದು ಸಾವಿರ ರೂಪಾಯಿ ಕೊಟ್ಟು ಅದಕ್ಕೆ ಹೊಸದೊಂದು 'ಕ್ಲಾಕ್' ಹಾಕಿಸಲಿರುವುದಾಗಿಯೂ ಹೇಳಿದ. 'ಸ್ವರಗಳ ಮೇಲಿನ ಪರದೆ ಸರಿದ ಹಾಗಾಗತ್ತೆ ಸಾರ್. ನೀವೂ ಹಾಕಿಸಿ' ಎಂದ.

ನಾನು ಏನೂ ಹೇಳಲಿಲ್ಲ. ಎಲೆಅಡಿಕೆಯ ತಟ್ಟೆಯನ್ನು ಮುಂದಿಟ್ಟು ಅವನ ಮಕ್ಕಳ ಓದಿನ ವಿಚಾರ ತೆಗೆದೆ. ಮೌನಕ್ಕೆ ಕಾರಣ ಸೌಜನ್ಯವಲ್ಲ, ನಾಚಿಕೆ. ಏಕೆಂದರೆ 'ಪರದೆ ಸರಿದ ಹಾಗೆ' ಎಂಬ ಆ ಮಾತನ್ನು, ಅದೇ ಪದಗಳಲ್ಲಿ, ಏಳೆಂಟು ವರ್ಷಗಳ ಹಿಂದೆ ನಾನೇ ಬಂಧುಮಿತ್ರರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅವನಿಗೆ ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆಯುತ್ತಿದ್ದೇನೆ. ಸ್ವಲ್ಪ ಖಾರವಾಗಿದ್ದರೆ, ಆ ಖಾರದ ಅರ್ಧ ಪಾಲು ನನಗೇ ಸೇರತಕ್ಕದ್ದೆಂದು ತಿಳಿಯಿರಿ.

ನಾನು ನಿವೃತ್ತನಾದದ್ದು 2018ರಲ್ಲಿ. ಕೈಗೆ ಬಂದ ಹಣದಲ್ಲಿ ಮನೆಯ ಮಾಡು ರಿಪೇರಿಯಾಯಿತು, ಮಗಳಿಗೆ ಕೊಡಬೇಕಾದದ್ದನ್ನು ಕೊಟ್ಟದ್ದಾಯಿತು. ಉಳಿದದ್ದರಲ್ಲಿ ಜೀವಮಾನದ ಒಂದು ಆಸೆ ತೀರಿಸಿಕೊಳ್ಳೋಣವೆಂದು ಒಂದು ಲಕ್ಷ ನಲವತ್ತು ಸಾವಿರ ರೂಪಾಯಿಗೆ ಜಪಾನೀ ಕಂಪನಿಯೊಂದರ ಸೆಕೆಂಡ್‌ಹ್ಯಾಂಡ್ ಸಿ.ಡಿ. ಪ್ಲೇಯರ್ ತಂದೆ. ಅದನ್ನು ಕಂಡು ಆಸೆಪಟ್ಟ ನನ್ನ ಭಾವಮೈದುನನೂ ಮೂರು ತಿಂಗಳೊಳಗೆ ಅದೇ ಮಾದರಿಯದನ್ನು ಹುಡುಕಿ ಕೊಂಡುಕೊಂಡ. ಪ್ಲೇಯರ್ ಬಹಳ ಚೆನ್ನಾಗಿತ್ತು. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಲೇಖನ ಬೇಕಿರಲಿಲ್ಲ.

ಆದರೆ ಮನುಷ್ಯನಿಗೆ ನಿವೃತ್ತಿಯ ನಂತರ ಬಿಡುವು ಹೆಚ್ಚು. ಓದತೊಡಗಿದೆ. ಆಪ್-ಆಂಪ್ ಎಂಬ ಎಂಟು ಕಾಲಿನ ಪುಟ್ಟ ಚಿಪ್ಪನ್ನು ಕಿತ್ತು ಇನ್ನೊಂದನ್ನು ಕೂರಿಸಿದರೆ ಕಂಠಗಳು 'ಬೆಚ್ಚಗಾಗುತ್ತವೆ' ಎಂದು ಓದಿದೆ. ಯಂತ್ರದ ಕೆಳಗೆ ಲೋಹದ ಮೊನಚಾದ ಕಾಲುಗಳನ್ನಿಟ್ಟರೆ ಮಂದ್ರಸ್ಥಾಯಿ ಬಿಗಿಯಾಗುತ್ತದೆ ಎಂದು ಓದಿದೆ. 1990ರ ಸುಮಾರಿಗೆ ಸಿ.ಡಿ.ಯ ಅಂಚಿಗೆಲ್ಲ ಹಸಿರು ಶಾಯಿಯ ಪೆನ್ನಿನಿಂದ ಬಣ್ಣ ಬಳಿಯುವ ಹುಚ್ಚೊಂದು ಹರಡಿತ್ತಂತೆ. ಅದನ್ನು ಓದಿ ನಕ್ಕೆ. ನಕ್ಕವನೇ 2019ರಲ್ಲಿ ಪ್ಲೇಯರನ್ನು ಹತ್ತಿಬಟ್ಟೆಯಲ್ಲಿ ಸುತ್ತಿ, ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು, ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಇಂಥ ಕೆಲಸದಲ್ಲಿ ನಿಪುಣರೆನಿಸಿಕೊಂಡ ಒಬ್ಬರ ಕೈಗೆ ಒಪ್ಪಿಸಿ ಬಂದೆ. ಹೊಸ ಆಪ್-ಆಂಪ್, ಹೊಸ ಕೆಪಾಸಿಟರುಗಳು, ಬೆಳ್ಳಿಯ ಲೇಪವಿರುವ ಪವರ್ ಕೇಬಲ್, ನಾಲ್ಕು ಹಿತ್ತಾಳೆಯ ಕಾಲುಗಳು. ಒಟ್ಟು ಅರವತ್ತೆಂಟು ಸಾವಿರ. ಮನೆಯವರಿಗೆ ಇಪ್ಪತ್ತು ಎಂದು ಹೇಳಿದ್ದೆ. ಈ ಬರಹವನ್ನು ಅವರೂ ಓದುತ್ತಾರಾದ್ದರಿಂದ ಇದೊಂದು ತಪ್ಪೊಪ್ಪಿಗೆಯೂ ಹೌದು.

ಪ್ಲೇಯರ್ ಮರಳಿ ಬಂದ ರಾತ್ರಿ ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯನ್ನು ಹಾಕಿ ಕುಳಿತೆ. ನಿಜವಾಗಿ ಹೇಳುತ್ತೇನೆ, ಕಣ್ಣು ಒದ್ದೆಯಾಯಿತು. ಮೀಟು ಮೀಟಿನ ನಡುವಣ ನಾದ ಮೊದಲಿಗಿಂತ ತುಂಬಿಕೊಂಡಂತೆ, ತಂತಿ ಕೈಗೆಟುಕುವಂತೆ ಕೇಳಿಸಿತು. ಸುಳ್ಳು ಹೇಳಿದೆನೆಂದು ಯಾರೂ ತಿಳಿಯಬಾರದು; ಹಾಗೆಯೇ ಕೇಳಿಸಿತು. ಹಾಗೆ ಕೇಳಿಸಿದ್ದಕ್ಕೆ ಕಾರಣ ಯಾವುದು ಎಂಬುದಷ್ಟೇ ನನ್ನ ಜಗಳ.

ಜಗಳಕ್ಕೆ ಮೊದಲು ಯಂತ್ರ ಏನು ಮಾಡುತ್ತದೆಂಬುದನ್ನು ಹೇಳಿಬಿಡುತ್ತೇನೆ. (ಮೇಷ್ಟರ ಚಾಳಿ; ಸಹಿಸಿಕೊಳ್ಳಿ.) ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಸೇರಿ 1980ರಲ್ಲಿ ಗೊತ್ತುಮಾಡಿದ ನಿಯಮದಂತೆ, ಸಿ.ಡಿ.ಯಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಸಂಖ್ಯೆಯಾಗಿ ಬರೆದಿಡುತ್ತಾರೆ. 16 ಬಿಟ್ ಎಂದರೆ 65,536 ಮೆಟ್ಟಿಲುಗಳು. ಈ ಸಂಖ್ಯೆಗಳೆಲ್ಲ ಹನ್ನೆರಡು ಸೆಂಟಿಮೀಟರ್ ಅಗಲದ ತಟ್ಟೆಯ ಮೇಲೆ ಸೂಕ್ಷ್ಮವಾದ ಗುಳಿಗಳಾಗಿ, ಒಳಗಿನಿಂದ ಹೊರಗೆ ಸಾಗುವ ಒಂದೇ ಸುರುಳಿಯಲ್ಲಿ ಕೂತಿರುತ್ತವೆ. ಸುರುಳಿಯ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವಣ ಅಂತರ 1.6 ಮೈಕ್ರೋಮೀಟರ್, ಬಿಚ್ಚಿ ನೇರ ಮಾಡಿದರೆ ಐದು ಕಿಲೋಮೀಟರಿಗೂ ಮಿಕ್ಕ ಉದ್ದ. ನಮ್ಮ ಕಣ್ಣಿಗೆ ಕಾಣದ 780 ನ್ಯಾನೋಮೀಟರ್ ಅಲೆಯುದ್ದದ ಲೇಸರ್ ಕಿರಣವೊಂದು ಈ ದಾರಿಯುದ್ದಕ್ಕೂ ತಪ್ಪದೆ ನಡೆಯಬೇಕು.

ನಡೆಯುವಾಗ ಎಡವುವುದಿಲ್ಲವೆ? ಎಡವುತ್ತದೆ, ಸದಾ ಎಡವುತ್ತದೆ. ಧೂಳಿದೆ, ಬೆರಳಿನ ಗುರುತಿದೆ, ಗೀರಿದೆ. ಅದಕ್ಕೇ ರೀಡ್ ಮತ್ತು ಸಾಲಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ತಪ್ಪು ತಿದ್ದುವ ವಿಧಾನವನ್ನು ಈ ತಟ್ಟೆಯೊಳಗೆ ಹೆಣೆದಿದ್ದಾರೆ. ಸುರುಳಿಯ ಉದ್ದಕ್ಕೂ ಸುಮಾರು ಎರಡೂವರೆ ಮಿಲಿಮೀಟರ್ ಪೂರ್ತಿ ಅಳಿಸಿಹೋದರೂ, ಹೋದ ಸಂಖ್ಯೆಗಳನ್ನು ಉಳಿದವುಗಳಿಂದ ಲೆಕ್ಕ ಹಾಕಿ ಯಂತ್ರ ಮರಳಿ ಪಡೆಯುತ್ತದೆ. ಅಂದಾಜಿನ ಸಂಖ್ಯೆಗಳಲ್ಲ, ಅವೇ ಸಂಖ್ಯೆಗಳು. ಹರಿದ ಉತ್ತರಪತ್ರಿಕೆಯಿಂದ ವಿದ್ಯಾರ್ಥಿ ಬರೆದ ಉತ್ತರವನ್ನೇ, ಅಕ್ಷರವೂ ವ್ಯತ್ಯಾಸವಾಗದಂತೆ, ಮತ್ತೆ ಪಡೆದ ಹಾಗೆ. ಮನುಷ್ಯನ ಬುದ್ಧಿಯ ಬಗ್ಗೆ ಹೆಮ್ಮೆಪಡಬೇಕೆನಿಸಿದರೆ ಇಲ್ಲಿ ಪಡಬೇಕು. ತಟ್ಟೆಯನ್ನು ಅಲುಗದಂತೆ ಹಿಡಿಯುವ ಹಿತ್ತಾಳೆಯ ಕಾಲು ಮಾರುವವರು ಈ ರೀಡ್-ಸಾಲಮನ್ನರ ಹೆಸರು ಹೇಳುವುದೇ ಇಲ್ಲ. ಹೇಳಿದರೆ ಕಾಲು ಮಾರಾಟವಾಗುವುದಿಲ್ಲ. ಸರಿಯಾಗಿ ಓದಿದ ಸಂಖ್ಯೆಯನ್ನು ಇನ್ನೂ ಹೆಚ್ಚು ಸರಿಯಾಗಿ ಓದುವುದು ಹೇಗೆ? ಏಳೆಂಟಲೆ ಐವತ್ತಾರು ಎಂಬ ಮಗ್ಗಿಯನ್ನು ಹಿತ್ತಾಳೆಯ ಪೀಠದ ಮೇಲೆ ನಿಂತು ಹೇಳಿದರೆ ಐವತ್ತಾರೂವರೆಯಾಗುತ್ತದೆಯೇ?

ನ್ಯಾಯವಾಗಿ ಒಂದು ಮಾತನ್ನು ಒಪ್ಪಬೇಕು. ಈ ಅಪ್‌ಗ್ರೇಡ್ ಎಂಬುದು ಹುಟ್ಟುವಾಗ ಪೂರ್ತಿ ಮೂಢನಂಬಿಕೆಯಾಗಿರಲಿಲ್ಲ. ಜಪಾನಿನಲ್ಲಿ 1982ರ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊದಲ ಪ್ಲೇಯರಿನಲ್ಲಿ, ಸಂಖ್ಯೆಯನ್ನು ವಿದ್ಯುತ್ತಾಗಿ ಬದಲಿಸುವ ಡಿ.ಎ.ಸಿ. ಒಂದೇ ಇತ್ತು. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರದಿಯ ಮೇಲೆ ಕೆಲಸ ಮಾಡುತ್ತಿತ್ತಾದ್ದರಿಂದ ಎರಡು ಕಿವಿಗಳ ಧ್ವನಿಗೆ ಸೆಕೆಂಡಿನ ಲಕ್ಷದಲ್ಲೊಂದು ಭಾಗಕ್ಕಿಂತ ತುಸು ಹೆಚ್ಚು ಅಂತರ ಬೀಳುತ್ತಿತ್ತು. ಮರುವರ್ಷ ಯೂರೋಪಿಗೆ ಬಂದ ಫಿಲಿಪ್ಸ್ ಪ್ಲೇಯರಿನಲ್ಲಿ 14 ಬಿಟ್‌ನ ಡಿ.ಎ.ಸಿ.ಯನ್ನೇ ನಾಲ್ಕು ಪಟ್ಟು ವೇಗದಲ್ಲಿ ಓಡಿಸಿ 16 ಬಿಟ್‌ನ ಕೆಲಸ ತೆಗೆದಿದ್ದರು. ಜಾಣತನವೇ, ಆದರೆ ಅದು ಹೊಸ ವಿದ್ಯೆ, ಕೈ ಇನ್ನೂ ಪಳಗಿರಲಿಲ್ಲ. ಆ ಕಾಲದ ಉತ್ಸಾಹಿಗಳು ಮುಚ್ಚಳ ತೆಗೆದು ಬೆಸುಗೆ ಕಡ್ಡಿ ಹಿಡಿದದ್ದಕ್ಕೆ ಕಾರಣವಿತ್ತು. ಇಂದಿಗೂ ಮೂವತ್ತು ವರ್ಷದ ಹಳೆಯ ಪ್ಲೇಯರಿನಲ್ಲಿ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗಿ ಗುಂಯ್‌ಗುಡುತ್ತಿದ್ದರೆ ಅದನ್ನು ಬದಲಾಯಿಸಲೇಬೇಕು. ಅದು ರಿಪೇರಿ. ನೆಟ್ಟಗಿರುವ ಹಲ್ಲನ್ನು ಕೀಳಿಸಿ ಚಿನ್ನದ್ದು ಕಟ್ಟಿಸಿಕೊಳ್ಳುವುದು ರಿಪೇರಿಯಲ್ಲ.

ಇನ್ನು ಆ ಎಂಬತ್ತೈದು ಸಾವಿರದ ಕ್ಲಾಕ್. ಸಂಖ್ಯೆಗಳು ಸರಿಯಿದ್ದರೂ ಅವು ವಿದ್ಯುತ್ತಾಗಿ ಹೊರಬೀಳುವ ಗಳಿಗೆ ಹಿಂದುಮುಂದಾದರೆ ಅಲೆಯ ಆಕಾರ ಕೆಡುತ್ತದೆ. ಇದಕ್ಕೆ ಜಿಟ್ಟರ್ ಎಂದು ಹೆಸರು. ಇದು ನಿಜವಾದ ದೋಷ, ಅಳೆಯಬಹುದಾದ ದೋಷ. ಆದರೆ ಎಷ್ಟು? ಜಪಾನಿನ ಸಂಶೋಧಕರು ಇದನ್ನು ಪಳಗಿದ ಕಿವಿಗಳ ಮೇಲೆ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಸಂಗೀತದಲ್ಲಿ ಈ ಯಾದೃಚ್ಛಿಕ ಹಿಂದುಮುಂದು ಕೇಳಿಸಬೇಕಾದರೆ ಅದು ಹಲವು ನೂರು ನ್ಯಾನೋಸೆಕೆಂಡುಗಳಷ್ಟಿರಬೇಕು. ಚೆನ್ನಾಗಿ ತಯಾರಿಸಿದ ಪ್ಲೇಯರಿನಲ್ಲಿ ಅದು ಒಂದು ನ್ಯಾನೋಸೆಕೆಂಡಿಗಿಂತಲೂ ಕಡಿಮೆ. ಹಲಗೆಯ ಮೇಲೆ ಲೆಕ್ಕ ಮಾಡೋಣ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. 250 ನ್ಯಾನೋಸೆಕೆಂಡಿನಲ್ಲಿ ಶಬ್ದ ನಡೆಯುವುದು ಒಂದು ತಲೆಗೂದಲಿನ ದಪ್ಪದಷ್ಟು ದೂರ. ಒಂದು ನ್ಯಾನೋಸೆಕೆಂಡಿನಲ್ಲಿ ಆ ಕೂದಲನ್ನು ಇನ್ನೂರೈವತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು. ಕುರ್ಚಿಯಲ್ಲಿ ಕುಳಿತು ತಲೆದೂಗುವವನ ತಲೆ ಇದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಅಲುಗುತ್ತದೆ. ಎಂಜಿನಿಯರ್ ಮಹಾಶಯನೇ, ಈ ಲೆಕ್ಕ ಮಾಡಲು ನಿನಗೆ ನಾನು ಬೇಕೆ?

ಪವರ್ ಕೇಬಲ್ಲಿನ ವಿಚಾರ ಹೇಳುವಾಗ ನನಗೆ ನಗು ಬರುತ್ತದೆ, ಆಮೇಲೆ ನಾನು ತೆತ್ತ ಹದಿನಾಲ್ಕು ಸಾವಿರ ನೆನಪಾಗಿ ನಗು ನಿಲ್ಲುತ್ತದೆ. ಶರಾವತಿಯ ನೀರಿನಿಂದಲೋ ರಾಯಚೂರಿನ ಕಲ್ಲಿದ್ದಲಿನಿಂದಲೋ ಹುಟ್ಟಿ, ಅಲ್ಯೂಮಿನಿಯಂ ತಂತಿಗಳ ಮೇಲೆ ಕಾಡುಮೇಡು ದಾಟಿ, ಅಡಿಕೆ ತೋಟದ ಪಂಪುಗಳ ಹಾವಳಿಯನ್ನೆಲ್ಲ ಸಹಿಸಿ ನಮ್ಮ ಗೋಡೆಯವರೆಗೆ ಬಂದ ಕರೆಂಟು, ಕೊನೆಯ ಒಂದೂವರೆ ಮೀಟರ್ ಬೆಳ್ಳಿಯನ್ನು ಮುಟ್ಟಿ ಪುನೀತವಾಗುತ್ತದಂತೆ. ಒಳಗೆ ಹೋದೊಡನೆ ಟ್ರಾನ್ಸ್‌ಫಾರ್ಮರ್ ಮತ್ತೆ ಅದನ್ನು ಮಾಮೂಲಿ ತಾಮ್ರದ ನೂರಾರು ಸುತ್ತುಗಳಲ್ಲಿ ಸುತ್ತಿಸುತ್ತದೆ. ತೀರ್ಥಸ್ನಾನ ಮಾಡಿ ಬಂದವನು ಬಾಗಿಲಲ್ಲೇ ಕೆಸರಿಗೆ ಬಿದ್ದ ಹಾಗಾಯಿತಲ್ಲ!

'ಲೆಕ್ಕದಲ್ಲಿ ಎಲ್ಲವೂ ಸಿಕ್ಕುವುದಿಲ್ಲ ಮೇಷ್ಟ್ರೇ, ಕೊನೆಗೆ ಕಿವಿಯೇ ಪ್ರಮಾಣ' ಎಂಬುದು ಇವರೆಲ್ಲರ ಕೊನೆಯ ಅಸ್ತ್ರ. ಬಹಳ ಸಂತೋಷ. ನಾನು ಮೀಟರಿಗೆ ಶರಣಾಗಿ ಎಂದು ಹೇಳುತ್ತಿಲ್ಲ, ಕಿವಿಗೇ ಶರಣಾಗಿ ಎನ್ನುತ್ತಿದ್ದೇನೆ. ಕಿವಿಗೆ ಮಾತ್ರ. ನನ್ನ ತರಗತಿಯಲ್ಲಿದ್ದವರಿಗೆ ನೆನಪಿರಬಹುದು: ಕಿರುಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಕೂರುವ ಮೊದಲು ಹೆಸರು ಬರೆದಿರುವ ಮೂಲೆಯನ್ನು ಎಲ್ಲ ಪತ್ರಿಕೆಗಳಲ್ಲೂ ಮಡಿಚಿ ಪಿನ್ನು ಚುಚ್ಚಿಬಿಡುತ್ತಿದ್ದೆ. ಬಿ.ಎಡ್. ಓದುವಾಗ ನಮ್ಮ ಗುರುಗಳೊಬ್ಬರು ಕಲಿಸಿದ ಪಾಠ ಅದು. ಹೆಸರು ಕಂಡರೆ ಜಾಣ ಹುಡುಗನ ಅರ್ಧಮರ್ಧ ಉತ್ತರಕ್ಕೂ ಕೈ ತಾನಾಗಿ ಮೂರು ಅಂಕ ಹಾಕುತ್ತದೆ, ದಡ್ಡನೆನಿಸಿಕೊಂಡವನ ಸರಿಯುತ್ತರದ ಮುಂದೆ ಅನುಮಾನಿಸುತ್ತದೆ. ನಾನು ಪಕ್ಷಪಾತಿಯೆಂದಲ್ಲ, ಕಣ್ಣು ಕಂಡದ್ದನ್ನು ಮನಸ್ಸು ಮರೆಯಲಾರದು, ಅಷ್ಟೆ. ಮೂವತ್ತೈದು ವರ್ಷ ಮೂಲೆ ಮಡಿಚಿದ ನಾನು, ಸ್ವಂತ ಅರವತ್ತೆಂಟು ಸಾವಿರದ ಪರೀಕ್ಷೆಯಲ್ಲಿ ಹೆಸರನ್ನು ದಪ್ಪಕ್ಷರದಲ್ಲಿ ಬರೆದಿಟ್ಟುಕೊಂಡು ನೂರಕ್ಕೆ ನೂರು ಕೊಟ್ಟಿದ್ದೆ.

ಮೂಲೆ ಮಡಿಚಲು ಮೂರು ವರ್ಷ ಹಿಡಿಯಿತು. ಅದಕ್ಕೆ ಬೇರೊಂದು ಕಾರಣ ಒದಗಿತು. ಅದನ್ನು ಆಮೇಲೆ ಹೇಳುತ್ತೇನೆ. 2022ರ ಬೇಸಿಗೆ ರಜೆಯಲ್ಲಿ ಮೊಮ್ಮಗ ಬಂದಿದ್ದ. ಭಾವಮೈದುನ ಏನನ್ನೂ ಬದಲಾಯಿಸದೆ ಇಟ್ಟುಕೊಂಡಿದ್ದ ತನ್ನ ಪ್ಲೇಯರನ್ನು ಹೊತ್ತು ತಂದ. ಎರಡನ್ನೂ ಹಾಸುಗೆಯ ಮೇಲುಹೊದಿಕೆಯೊಂದನ್ನು ಪರದೆ ಕಟ್ಟಿ ಅದರ ಹಿಂದಿಟ್ಟೆವು. ಒಂದೇ ವೀಣೆಯ ಸಿ.ಡಿ.ಯ ಎರಡು ಪ್ರತಿ. ಮೊಮ್ಮಗ ಪ್ರತಿ ಸಲ ನಾಣ್ಯ ಚಿಮ್ಮಿ, ರಾಜ ಬಿದ್ದರೆ ಒಂದನ್ನು, ರಾಣಿ ಬಿದ್ದರೆ ಇನ್ನೊಂದನ್ನು ಅರ್ಧ ನಿಮಿಷ ನುಡಿಸಬೇಕು. ನಾನು ಯಾವುದೆಂದು ಹೇಳಬೇಕು. ಅವನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಬೇಕು. ಇಪ್ಪತ್ತು ಸಲ.

ಮೊದಲ ಸುತ್ತಿನಲ್ಲಿ ಇಪ್ಪತ್ತಕ್ಕೆ ಹದಿನಾರು ಸರಿ ಹೇಳಿದೆ! ನಾನು ಮೀಸೆ ತಿರುವಿದೆ. ಕಣ್ಣುಮುಚ್ಚಿ ಊಹಿಸುವವನು ಹದಿನೈದೋ ಅದಕ್ಕಿಂತ ಹೆಚ್ಚೋ ಸರಿ ಹೇಳುವ ಸಂಭವ ನೂರಕ್ಕೆ ಎರಡು ಮಾತ್ರ. ಭಾವಮೈದುನನ ಮುಖ ಬಾಡಿತು, ತಾನೂ ಅಪ್‌ಗ್ರೇಡ್ ಮಾಡಿಸಬೇಕಾಗಿತ್ತೆಂದು. ಆಗ ಮೊಮ್ಮಗ ತಲೆ ಕೆರೆದುಕೊಂಡು, 'ಅಜ್ಜ, ನಿಮ್ಮದು ಸ್ವಲ್ಪ ಜೋರಾಗಿ ಕೇಳಿಸ್ತಿದೆ ಅಲ್ವಾ?' ಎಂದ.

ಪುಟ್ಟ ಮಾತು. ನನ್ನ ಕಪಾಟಿನಲ್ಲಿ ಮಲ್ಟಿಮೀಟರ್ ಇತ್ತು. 300 ಹರ್ಟ್ಸಿನ ಒಂದೇ ಸಮನಾದ ಸ್ವರವನ್ನು ಅವನು ಕಂಪ್ಯೂಟರಿನಲ್ಲಿ ತಯಾರಿಸಿ ಸಿ.ಡಿ.ಗೆ ಹಾಕಿಕೊಟ್ಟ. ಭಾವಮೈದುನನ ಪ್ಲೇಯರ್ ಹೊರಬಿಟ್ಟದ್ದು 2.0 ವೋಲ್ಟ್, ನನ್ನದು 2.2 ವೋಲ್ಟ್. ಚಿಪ್ಪನ್ನು ಬದಲಾಯಿಸಿದ ಪುಣ್ಯಾತ್ಮರು ಅದರ ಆಚೀಚೆಯ ರೆಸಿಸ್ಟರನ್ನೂ ಬದಲಾಯಿಸಿ ಧ್ವನಿಯನ್ನು ನೂರಕ್ಕೆ ಹತ್ತರಷ್ಟು ಏರಿಸಿದ್ದರು. ಡೆಸಿಬೆಲ್ಲಿನಲ್ಲಿ ಹೇಳುವುದಾದರೆ 0.8. ಇಷ್ಟು ಅಲ್ಪ ವ್ಯತ್ಯಾಸವನ್ನು ಕಿವಿ 'ಜೋರು' ಎಂದು ಗುರುತಿಸುವುದಿಲ್ಲ. 'ತುಂಬಿಕೊಂಡಿದೆ', 'ಹತ್ತಿರವಾಗಿದೆ', 'ಪರದೆ ಸರಿದಿದೆ' ಎಂದು ಗುರುತಿಸುತ್ತದೆ. ಧ್ವನಿಶಾಸ್ತ್ರದಲ್ಲಿ ಇದು ಹಳೆಯ ಸಂಗತಿ. ಅರವತ್ತೆಂಟು ಸಾವಿರಕ್ಕೆ ನಾನು ಕೊಂಡದ್ದು ಆಂಪ್ಲಿಫಯರಿನ ವಾಲ್ಯೂಮ್ ಗುಂಡಿಯನ್ನು ಕೂದಲೆಳೆಯಷ್ಟು ಬಲಕ್ಕೆ ತಿರುಗಿಸಿದರೆ ಬಿಟ್ಟಿ ಸಿಗುತ್ತಿದ್ದ ಪದಾರ್ಥ.

ಪೇಟೆಯಿಂದ ನಲವತ್ತು ರೂಪಾಯಿಯ ಎರಡು ಪೊಟೆನ್ಶಿಯೊಮೀಟರ್ ತರಿಸಿ ನನ್ನ ಪ್ಲೇಯರಿನ ಧ್ವನಿಯನ್ನು ಇಳಿಸಿ ಎರಡನ್ನೂ ಸಮ ಮಾಡಿದೆವು. ಮತ್ತೆ ಇಪ್ಪತ್ತು ಸಲ. ನಾನು ಸರಿ ಹೇಳಿದ್ದು ಒಂಬತ್ತು. ಭಾವಮೈದುನ ಹನ್ನೊಂದು. ನನ್ನಾಕೆ ಪರೀಕ್ಷೆಗೆ ಕೂರಲು ಒಪ್ಪಲಿಲ್ಲ. ಅಡುಗೆಮನೆಯಿಂದಲೇ, 'ನನಗೆ ಆಗಿನಿಂದ ಒಂದೇ ವೀಣೆ ಕೇಳಿಸ್ತಾ ಇದೆ, ಅದನ್ನಾದರೂ ಪೂರ್ತಿ ನುಡಿಸೋಕೆ ಬಿಡಿ' ಎಂದರು.

ನಮ್ಮ ಹಜಾರದ ಪರೀಕ್ಷೆಯನ್ನು ನಂಬದವರು ದೊಡ್ಡದೊಂದನ್ನು ನೋಡಬಹುದು. 1999ರಿಂದೀಚೆಗೆ ಸಿ.ಡಿ.ಗಿಂತ ಮೇಲಾದದ್ದೆಂದು ಎಸ್.ಎ.ಸಿ.ಡಿ. ಮುಂತಾದ ತಟ್ಟೆಗಳು ಬಂದವಷ್ಟೆ. ಅಮೆರಿಕದ ಬೋಸ್ಟನ್ನಿನಲ್ಲಿ ಮೇಯರ್ ಮತ್ತು ಮೊರಾನ್ ಎಂಬಿಬ್ಬರು ಆ ತಟ್ಟೆಗಳ ಧ್ವನಿಯನ್ನು ಒಮ್ಮೆ ನೇರವಾಗಿ, ಒಮ್ಮೆ ಸಿ.ಡಿ.ಯ 16 ಬಿಟ್‌ನ ಸಂದಿಯೊಳಗೆ ತೂರಿಸಿ, ಕೇಳುಗರಿಗೆ ತಿಳಿಯದಂತೆ ಅದಲುಬದಲು ಮಾಡಿ ಕೇಳಿಸಿದರು. 2007ರಲ್ಲಿ ಅವರು ಪ್ರಕಟಿಸಿದ ಲೆಕ್ಕ: 554 ಪ್ರಯತ್ನಗಳು, 276 ಸರಿಯುತ್ತರ. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಅವರ ಕೆಲಸದಲ್ಲಿ ಲೋಪ ಹುಡುಕಿದವರಿದ್ದಾರೆ, ವಾದ ನಡೆದಿದೆ, ನಡೆಯಲಿ. ಆದರೆ ಇಡೀ ಸಿ.ಡಿ. ಪದ್ಧತಿಯನ್ನೇ ನಡುವೆ ತುರುಕಿದರೂ ಪಳಗಿದ ಕಿವಿಗಳು ಕಂಡುಹಿಡಿಯದೆ ಹೋದವೆಂದಮೇಲೆ, ಒಂದು ಕೆಪಾಸಿಟರ್ ಬದಲಾದದ್ದನ್ನು ಪಕ್ಕದ ಕೋಣೆಯಿಂದಲೇ ಕಂಡುಹಿಡಿದೆನೆಂಬ ಶೂರರು ಮೊದಲು ಪರದೆಯ ಮುಂದೆ ಬಂದು ಕೂರಬೇಕು. ಒಬ್ಬರೂ ಕೂರುವುದಿಲ್ಲ. ಪರೀಕ್ಷೆಯಿಂದ ಮನಸ್ಸಿಗೆ ಒತ್ತಡವಾಗಿ ಕಿವಿ ಮಂಕಾಗುತ್ತದಂತೆ. ಹತ್ತನೆಯ ತರಗತಿಯ ಮಕ್ಕಳಿಂದ ಈ ನೆಪವನ್ನು ನಾನು ಬಹಳ ಸಲ ಕೇಳಿದ್ದೇನೆ.

ಹಾಗಾದರೆ ಧ್ವನಿ ಉತ್ತಮವಾಗುವುದೇ ಇಲ್ಲವೇ? ಆಗುತ್ತದೆ, ಧಾರಾಳವಾಗಿ ಆಗುತ್ತದೆ. ಆದರೆ ಅದು ಆ ಪೆಟ್ಟಿಗೆಯ ಹೊರಗೆ. ಒಳ್ಳೆಯ ಪ್ಲೇಯರಿನ ವಿಕಾರ ನೂರರಲ್ಲಿ ಒಂದರ ನೂರನೆಯ ಭಾಗಕ್ಕಿಂತ ಕಡಿಮೆ. ಸ್ಪೀಕರಿನದು ಅದರ ನೂರಾರು ಪಟ್ಟು. ಸ್ಪೀಕರಿಗಿಂತ ದೊಡ್ಡ ಅಪರಾಧಿ ನಾವು ಕುಳಿತ ಕೋಣೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸ ಮಂದಿರವೊಂದರಲ್ಲಿ ಮಾತೇ ತಿಳಿಯದಷ್ಟು ಪ್ರತಿಧ್ವನಿ ತುಂಬಿಕೊಳ್ಳುತ್ತಿತ್ತು. ಅಲ್ಲಿನ ಭೌತವಿಜ್ಞಾನದ ತರುಣ ಅಧ್ಯಾಪಕ ಸೇಬಿನ್ 1895ರಿಂದ ರಾತ್ರಿಯ ಹೊತ್ತು ಅಲ್ಲಿ ಕುಳಿತು, ಪಕ್ಕದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊತ್ತು ತಂದು ಹಾಸಿ, ಒಂದು ಆರ್ಗನ್ ಕೊಳವೆಯನ್ನು ಊದಿಸಿ ನಾದ ಅಡಗುವ ಸಮಯವನ್ನು ಅಳೆದ. ಖಾಲಿ ಮಂದಿರದಲ್ಲಿ ಅದು ಐದೂವರೆ ಸೆಕೆಂಡಿಗೂ ಹೆಚ್ಚು. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಶಬ್ದ ಹೀರುವ ವಸ್ತುಗಳ ಮೊತ್ತದಿಂದ ಭಾಗಿಸಿದರೆ ಆ ಸಮಯ ಸಿಗುತ್ತದೆಂಬ ಸೂತ್ರ ಅಲ್ಲಿ ಹುಟ್ಟಿತು. ಗುಣಾಕಾರ ಭಾಗಾಕಾರ ಬಲ್ಲ ಯಾರೂ ಮಾಡಬಹುದಾದ ಲೆಕ್ಕ.

ನಮ್ಮ ಹಜಾರ ಐದು ಮೀಟರ್ ಉದ್ದ, ನಾಲ್ಕು ಅಗಲ, ಮೂರು ಎತ್ತರ. ಕೆಳಗೆ ಕೆಂಪು ಕಾವಿಯ ನೆಲ, ಸುತ್ತ ಗಾರೆ ಗೋಡೆ. ಲೆಕ್ಕ ಹಾಕಿದರೆ ಒಂದೂವರೆ ಸೆಕೆಂಡಿಗೂ ಹೆಚ್ಚು ಬಂತು. ಜಮಖಾನ ಹಾಸಿದೆ. ಅಟ್ಟದಲ್ಲಿದ್ದ ಅಜ್ಜಿಯ ಕಾಲದ ಎರಡು ಕೌದಿಗಳನ್ನು ಸ್ಪೀಕರುಗಳ ಎದುರು ಗೋಡೆಗೆ ತೂಗುಹಾಕಿದೆ. ಪುಸ್ತಕದ ಬೀರುವಿನ ಬಾಗಿಲು ತೆಗೆದಿಟ್ಟೆ. ಒಂದು ಚಪ್ಪಾಳೆ ತಟ್ಟಿದರೆ ಸಾಕು, ಮೊದಲಿಗೂ ಈಗಿಗೂ ವ್ಯತ್ಯಾಸ ಮಗುವಿಗೂ ತಿಳಿಯುತ್ತದೆ. ಇಲ್ಲಿ ಪರದೆ ಬೇಡ, ನಾಣ್ಯ ಬೇಡ. ಖರ್ಚು ಎಂಟು ಮೊಳೆ. ಕೌದಿಯ ಬಗ್ಗೆ ಯಾವ ಪತ್ರಿಕೆಯೂ ವಿಮರ್ಶೆ ಬರೆಯುವುದಿಲ್ಲ, ಏಕೆಂದರೆ ಕೌದಿಯವರು ಜಾಹೀರಾತು ಕೊಡುವುದಿಲ್ಲ.

ಇನ್ನು ಆ ಬೇರೊಂದು ಕಾರಣ. ಇದನ್ನು ಬರೆಯಲೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನಮ್ಮಮ್ಮ ಹಾಡುತ್ತಿದ್ದಳು. ಕಛೇರಿಯ ಹಾಡಲ್ಲ, ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಮದುವೆ ಮನೆಯಲ್ಲಿ ಬೀಗರನ್ನು ಗೇಲಿ ಮಾಡುವ ಹಾಡು. 1984ರಲ್ಲಿ ನಮ್ಮಣ್ಣ ಟೇಪ್ ರೆಕಾರ್ಡರ್ ಕೊಂಡಾಗ ಅವಳನ್ನು ಜಗಲಿಯಲ್ಲಿ ಕೂರಿಸಿ ಹನ್ನೊಂದು ಹಾಡುಗಳನ್ನು ಕ್ಯಾಸೆಟ್ಟಿಗೆ ಹಿಡಿದಿದ್ದ. ಹಿನ್ನೆಲೆಯಲ್ಲಿ ಕೊಟ್ಟಿಗೆಯ ಗಂಟೆ, ಮಳೆ. ಅಮ್ಮ 1991ರಲ್ಲಿ ಹೋದಳು. 2004ರಲ್ಲಿ ಅಕ್ಕನ ಮಗ ಆ ಕ್ಯಾಸೆಟ್ಟನ್ನು ಬೆಂಗಳೂರಿಗೆ ಒಯ್ದು ಸಿ.ಡಿ. ಮಾಡಿಸಿ ನಮಗೆಲ್ಲ ಒಂದೊಂದು ಕೊಟ್ಟ. ಶಾಶ್ವತವಾಯಿತು ಎಂದುಕೊಂಡೆವು. ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಹಳೆಯ ಕ್ಯಾಸೆಟ್ಟುಗಳ ರಾಶಿಯೊಡನೆ ಅದೂ ಹೋಯಿತು.

2021ರಲ್ಲಿ ಅಮ್ಮನ ತಿಥಿಯ ದಿನ ಎಲ್ಲರೂ ಸೇರಿದ್ದರು. ಊಟದ ನಂತರ ಅಮ್ಮನ ಹಾಡು ಕೇಳೋಣವೆಂದು ಅಕ್ಕ ಕೇಳಿದಳು. ನಾನು ಹೆಮ್ಮೆಯಿಂದ ಎದ್ದು, ಬೆಳ್ಳಿಯ ಕೇಬಲ್ಲಿನ, ಹಿತ್ತಾಳೆಯ ಕಾಲಿನ ನನ್ನ ಪ್ಲೇಯರಿನಲ್ಲಿ ಆ ತಟ್ಟೆಯನ್ನಿಟ್ಟೆ. ತಟ್ಟೆ ಗಿರಗಿರನೆ ತಿರುಗಿತು, ನಿಂತಿತು, ಮತ್ತೆ ತಿರುಗಿತು. 'ನೋ ಡಿಸ್ಕ್' ಎಂಬ ಅಕ್ಷರಗಳು ಮೂಡಿದವು.

ನಾವು ಮನೆಯಲ್ಲಿ ಬರೆಸಿಕೊಳ್ಳುವ ಸಿ.ಡಿ.ಯಲ್ಲಿ ಅಚ್ಚೊತ್ತಿದ ಗುಳಿಗಳಿರುವುದಿಲ್ಲ. ಸಾವಯವ ಬಣ್ಣದ ಪದರವೊಂದನ್ನು ಲೇಸರ್ ಸುಟ್ಟು ಗುರುತು ಮಾಡಿರುತ್ತದೆ. ಬಟ್ಟೆಯ ಬಣ್ಣ ಮಾಸುವಂತೆ ಅದೂ ಮಾಸುತ್ತದೆ. ಬಿಸಿಲು, ಸೆಕೆ, ತೇವ ಅದಕ್ಕೆ ಶತ್ರುಗಳು. ಅಂಗಡಿಯಿಂದ ಕೊಂಡ ಸಿ.ಡಿ.ಗಿಂತ ಅದು ಬೆಳಕನ್ನು ಪ್ರತಿಫಲಿಸುವುದೂ ಸ್ವಲ್ಪ ಕಡಿಮೆ, ಆದ್ದರಿಂದ ಲೇಸರಿನ ಕಣ್ಣು ಮಂಜಾದರೆ ಮೊದಲು ಕಾಣದಾಗುವುದು ಇದೇ. ಮಲೆನಾಡಿನ ಎರಡು ಮಳೆಗಾಲಗಳಲ್ಲಿ ನನ್ನ ಪ್ಲೇಯರಿನ ಮಸೂರಕ್ಕೆ ಬೂಸಲು ಕಟ್ಟಿತ್ತು. ಅರವತ್ತೆಂಟು ಸಾವಿರದಲ್ಲಿ ಆ ಮಸೂರವನ್ನು ಒರೆಸುವ ಕೆಲಸ ಸೇರಿರಲಿಲ್ಲ. ಗರ್ಭಗುಡಿಯ ಬಾಗಿಲಿಗೆ ಜೇಡ ಬಲೆ ನೇಯ್ದಿರುವಾಗ ನಾನು ಗೋಪುರಕ್ಕೆ ಕಳಶ ಏರಿಸಿ ಬಂದಿದ್ದೆ.

ನಮ್ಮ ಪೇಟೆಯ ರೇಡಿಯೋ ರಿಪೇರಿಯವರೊಬ್ಬರು ಮುಚ್ಚಳ ತೆಗೆದು, ಹತ್ತಿಯ ತುದಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಮಸೂರವನ್ನು ಒರೆಸಿ, ಅದು ಜಾರುವ ಹಳಿಗೆ ಚೂರು ಗ್ರೀಸ್ ಸವರಿ, ಮುನ್ನೂರು ರೂಪಾಯಿ ತೆಗೆದುಕೊಂಡರು. ಎಂಟು ಹಾಡುಗಳು ಪೂರ್ತಿ ಬಂದವು. ಒಂಬತ್ತನೆಯದು ತಡವರಿಸಿತು. ಅದನ್ನು ಮಗಳ ಹಳೆಯ ಕಂಪ್ಯೂಟರಿನ ಡ್ರೈವಿನಲ್ಲಿ ಹತ್ತಾರು ಸಲ ಓದಿಸಿ ತುಂಡುತುಂಡಾಗಿ ಕೂಡಿಸಿದೆವು. ತಟ್ಟೆಯ ಹೊರ ಅಂಚಿನಲ್ಲಿದ್ದ ಕೊನೆಯ ಎರಡು ಬರಲಿಲ್ಲ. ಅಕ್ಕನ ಬಳಿಯಿದ್ದ ಪ್ರತಿಯೂ ಅದೇ ಪೊಟ್ಟಣದ ತಟ್ಟೆ, ಅದೇ ಗತಿ. ಅಣ್ಣನ ಪ್ರತಿ ಎಲ್ಲಿದೆಯೆಂದು ಯಾರಿಗೂ ತಿಳಿಯದು. ಹತ್ತನೆಯದು ಹಸೆಗೆ ಕರೆಯುವ ಹಾಡು. ಅದರ ಮೊದಲೆರಡು ಸಾಲು ಅಕ್ಕನಿಗೆ ನೆನಪಿದೆ, ಧಾಟಿ ನೆನಪಿದೆ, ಉಳಿದದ್ದು ಇಲ್ಲ.

ಆ ವರ್ಷಗಳಲ್ಲಿ ಅರವತ್ತೆಂಟು ಸಾವಿರ ನನ್ನ ಕೈಯಲ್ಲಿತ್ತು, ಬಿಡುವಿತ್ತು, ಭೌತವಿಜ್ಞಾನ ಗೊತ್ತಿತ್ತು. ಹೊಸ ತಟ್ಟೆಗೊಂದು, ಹಾರ್ಡ್‌ಡಿಸ್ಕಿಗೊಂದು ನಕಲು ಮಾಡಿಡಲು ಇನ್ನೂರು ರೂಪಾಯಿಯ ಕೆಲಸ. ನಾನು ಸ್ವರದ ಮೇಲಿನ ಪರದೆ ಸರಿಸುವುದರಲ್ಲಿ ತೊಡಗಿದ್ದೆ. ಆದ್ದರಿಂದಲೇ ಪರದೆ, ಕ್ಲಾಕ್ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಸಿಟ್ಟು ಬರುತ್ತದೆ. ಅದು ಆ ಹುಡುಗನ ಮೇಲಿನ ಸಿಟ್ಟಲ್ಲ.

ಇಷ್ಟು ಓದಿದ ಮೇಲೆ, ಮಾರಾಯ, ನಿನಗೆ ಎರಡು ವಿಷಯ ತಿಳಿಸಬೇಕಾಗಿದೆ. ನಿನ್ನ ಎಂಬತ್ತೈದು ಸಾವಿರಕ್ಕೆ ಇನ್ನೂ ಮುಂಗಡ ಕೊಟ್ಟಿಲ್ಲವಾದರೆ ಕೊಡಬೇಡ. ಬರುವ ರಜೆಯಲ್ಲಿ ಪ್ಲೇಯರ್ ಹೊತ್ತುಕೊಂಡು ಬಾ. ಕ್ಲಾಕ್ ಹಾಕಿಸಿಕೊಂಡ ಗೆಳೆಯರಿದ್ದರೆ ಅವರನ್ನೂ ಅವರ ಪ್ಲೇಯರನ್ನೂ ಕರೆದು ತಾ. ಮೇಲುಹೊದಿಕೆ, ನಾಣ್ಯ, ಪೊಟೆನ್ಶಿಯೊಮೀಟರ್ ಎಲ್ಲ ಇಲ್ಲಿವೆ. ಇಪ್ಪತ್ತಕ್ಕೆ ಹದಿನೈದು ಸರಿ ಹೇಳಿದರೆ ಈ ಲೇಖನದ ಕೆಳಗೆ ನಾನು ಸೋತೆನೆಂದು ಬರೆದು ಸಹಿ ಮಾಡುತ್ತೇನೆ, ಹೋಳಿಗೆ ಊಟವನ್ನೂ ಹಾಕುತ್ತೇನೆ. ಸೋತರೂ ಹೋಳಿಗೆ ಉಂಟು.

ಎರಡನೆಯದು, ನಿಮ್ಮಜ್ಜಿ ತಾಳಮದ್ದಳೆಯ ಪದಗಳನ್ನು ಹೇಳುತ್ತಿದ್ದರೆಂದೂ, ಅವರ ಕ್ಯಾಸೆಟ್ಟುಗಳು ನಿಮ್ಮೂರಿನ ಮನೆಯ ನಾಗಂದಿಗೆಯ ಮೇಲಿವೆಯೆಂದೂ ಅಂದು ನೀನೇ ಹೇಳಿದೆ. ನಾನು ಹಳೆಯ ಟೇಪ್ ಡೆಕ್ಕೊಂದಕ್ಕೆ ಹೊಸ ಬೆಲ್ಟ್ ಹಾಕಿಸಿಟ್ಟಿದ್ದೇನೆ, ಕಂಪ್ಯೂಟರಿಗೆ ಜೋಡಿಸುವ ತಂತಿಯೂ ಇದೆ. ಮಳೆಗಾಲ ಹಿಡಿಯುವುದರೊಳಗೆ ಅವನ್ನು ಕೆಳಗಿಳಿಸಿ, ಒಣಬಟ್ಟೆಯಲ್ಲಿ ಸುತ್ತಿ ತಂದುಬಿಡು. ಒಂದು ಬದಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ರಾತ್ರಿ ಉಳಿಯುವ ಹಾಗೆ ಬಾ.